ಒಂದೂವರೆ ಟನ್ನಿನ ತಂಪು

ಹೈದರಾಬಾದಿಗೆ ಬೇಸಗೆ ಬಂದಿತೆಂಬುದನ್ನು ತಿಳಿಯಲು ಪಂಚಾಂಗವನ್ನು ತೆರೆಯಬೇಕಾಗಿಲ್ಲ. ಕಾಚಿಗುಡದ ಗಲ್ಲಿಗಳಲ್ಲಿ ಕೂಲರಿಗೆ ತುಂಬುವ ಹುಲ್ಲಿನ ಕಟ್ಟುಗಳು ಕಾಣಿಸಿಕೊಂಡವೆಂದರೆ, ರಸ್ತೆಯ ಬದಿಯಲ್ಲಿ ಕೆಂಪು ಮಡಕೆಗಳು ಸಾಲಾಗಿ ಕುಳಿತವೆಂದರೆ, ತಾಟಿನುಂಗಿನ ತಳ್ಳುಗಾಡಿಯ ಸುತ್ತ ನಾಲ್ಕು ಜನ ನೆರೆದರೆಂದರೆ, ಸೂರ್ಯನಾರಾಯಣನ ಸವಾರಿ ಊರೊಳಗೆ ದಯಮಾಡಿಸಿದೆಯೆಂದೇ ಅರ್ಥ. ಸಮುದ್ರ ಮಟ್ಟಕ್ಕಿಂತ ಐನೂರು ಮೀಟರಿಗೂ ಮೇಲಿರುವ ಊರೆಂಬ ನಮ್ಮ ಹೆಮ್ಮೆಯು ಏಪ್ರಿಲಿನಲ್ಲಿಯೇ ಕರಗಿಹೋಗುತ್ತದೆ. 1966ರ ಜೂನ್ 2ರಂದು ಇಲ್ಲಿ ಉಷ್ಣತೆಯು 45.5 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ರೋಹಿಣಿ ಕಾರ್ತೆಯ ಬಿಸಿಲಿಗೆ ಒರಳುಕಲ್ಲೂ ಬಿರಿಯುವುದೆಂದು ತೆಲುಗು ಬಾಂಧವರು ಹೇಳುವ ಮಾತು ಬರಿಯ ಉತ್ಪ್ರೇಕ್ಷೆಯಲ್ಲವೆಂಬುದು ಇಲ್ಲಿ ಒಂದು ಮೇ ತಿಂಗಳನ್ನು ಕಳೆದವರಿಗೆಲ್ಲ ಗೊತ್ತು.

ಈಚಿನ ವರ್ಷಗಳಲ್ಲಿ ಬೇಸಗೆಯ ಆಗಮನಕ್ಕೆ ಮತ್ತೊಂದು ಕುರುಹು ಸೇರಿಕೊಂಡಿದೆ. ತರುಣರ ಕೊರಳಲ್ಲಿ ಒಂದು ವಿಚಿತ್ರ ಆಭರಣವು ಕಾಣಿಸತೊಡಗುತ್ತದೆ. ದೂರದಿಂದ ನೋಡಿದರೆ ಎತ್ತಿನ ಕೊರಳಿನ ಪಟ್ಟಿಯಂತಿರುವ, ಹತ್ತಿರ ಹೋದರೆ ದುಂಬಿಯಂತೆ ಗುಂಯ್‌ಗುಡುವ ಈ ವಸ್ತುವಿಗೆ ‘ನೆಕ್ ಫ್ಯಾನ್’ ಎಂದು ಹೆಸರಂತೆ. ಇದನ್ನು ನಮಗೆ ಪರಿಚಯಿಸಿದವನು ಒಬ್ಬ ಕಾಲೇಜು ವಿದ್ಯಾರ್ಥಿ.

ಈ ತರುಣನ ತಂದೆ ಕುಂದಾಪುರದ ಕಡೆಯವರು. ಇಲ್ಲಿಯ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷಗಳಿಂದ ದೋಸೆಯ ಕಾವಲಿಯ ಮುಂದೆ ನಿಂತವರು. ಮಗ ಬಿ.ಎಸ್‌ಸಿ. ಓದುತ್ತಿದ್ದಾನೆ. ರಜೆಯಲ್ಲಿ ಪ್ರತಿದಿನ ಮಧ್ಯಾಹ್ನ ನಮ್ಮ ಕಚೇರಿಗೆ ಬರುತ್ತಾನೆ. ಪತ್ರಿಕೆ ಓದಲು ಬರುತ್ತೇನೆಂದು ಅವನ ಹೇಳಿಕೆ. ಆದರೆ ಕೂಲರಿನ ಎದುರಿನ ಕುರ್ಚಿಯಲ್ಲದೆ ಬೇರೆಡೆ ಅವನು ಕುಳಿತದ್ದನ್ನು ನಾವು ಕಂಡಿಲ್ಲ. ಓದು ಎರಡು ನಿಮಿಷ, ಹರಟೆ ಎರಡು ಗಂಟೆ. ಆ ಹರಟೆಯಲ್ಲಿ ಕೆಲವು ಮಾತುಗಳು ನಮ್ಮ ವಾಚಕರಿಗೂ ಉಪಯೋಗಕ್ಕೆ ಬಂದಾವೆಂದು ತೋರಿದ್ದರಿಂದ ಇಲ್ಲಿ ಬರೆದಿದ್ದೇವೆ.

“ಸಾರ್, ನಮ್ಮ ಕಾಲೇಜಿನಲ್ಲಿ ಈಗ ನೀರು ಕುಡಿಯುವುದೂ ಒಂದು ಫ್ಯಾಷನ್ನು,” ಎಂದು ಅವನು ಒಂದು ದಿನ ಆರಂಭಿಸಿದ. “ಸಾವಿರ ರೂಪಾಯಿಯ ಸ್ಟೀಲಿನ ಬಾಟಲು ಇಲ್ಲದವನನ್ನು ಯಾರೂ ಮಾತನಾಡಿಸುವುದಿಲ್ಲ. ಒಳಗಿನ ನೀರು ಮಾತ್ರ ಅದೇ ಮಂಜೀರಾ ನಲ್ಲಿಯದು.” ಆ ಬಾಟಲಿನ ಗುಟ್ಟು ಅವನಿಗೆ ತಿಳಿದಿತ್ತು. 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿಯು ಅತಿಶೀತದ ದ್ರವಗಳನ್ನು ಇಡುವುದಕ್ಕಾಗಿ ಎರಡು ಗೋಡೆಗಳ ಪಾತ್ರೆಯೊಂದನ್ನು ಮಾಡಿ, ಆ ಗೋಡೆಗಳ ನಡುವಿನ ಗಾಳಿಯನ್ನು ಹೀರಿ ತೆಗೆದನಂತೆ. ಅದೇ ಇಂದು ಹುಡುಗರ ಚೀಲದಲ್ಲಿ ತೂಗುತ್ತಿದೆ. ನಾವಾದರೋ ನಮ್ಮೂರ ಪದ್ಧತಿಯಂತೆ ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಟ್ಟು, ಚೊಂಬಿನ ಕಂಪೆನಿ ಯಾವುದೆಂದು ಯಾರೂ ಕೇಳದ ಕಾಲದಲ್ಲಿ ಬೆಳೆದವರು.

ಫೋನಿನ ವಿಷಯವಾಗಿಯೂ ಅವನಲ್ಲಿ ಒಂದು ಪ್ರಬಂಧಕ್ಕಾಗುವಷ್ಟು ಸಾಮಗ್ರಿಯಿದೆ. ಬಿಸಿಲಿನಲ್ಲಿ ಹೊರಗೆ ಹಿಡಿದರೆ ಐಫೋನು ಕಾದುಹೋಗಿ, ತಂಪಾದ ಮೇಲೆಯೇ ಕೆಲಸ ಮಾಡುವೆನೆಂದು ಪರದೆಯ ಮೇಲೆ ಬರೆದು ಸುಮ್ಮನಾಗುತ್ತದೆಯಂತೆ. ಆಪಲ್ ಕಂಪೆನಿಯವರು ತಮ್ಮ ಫೋನನ್ನು ಸೊನ್ನೆಯಿಂದ 35 ಡಿಗ್ರಿಯವರೆಗಿನ ಹವೆಯಲ್ಲಿ ಉಪಯೋಗಿಸಬೇಕೆಂದು ಸೂಚನೆ ಕೊಟ್ಟಿದ್ದಾರೆ. “ಅಂದರೆ ಸಾರ್, ಹೈದರಾಬಾದಿನ ಮೇ ತಿಂಗಳಲ್ಲಿ ಫೋನಿಗೆ ನ್ಯಾಯವಾಗಿ ರಜೆ ಸಿಗಬೇಕು!” ಎಂದು ನಕ್ಕ. ನಾವೂ ನಕ್ಕೆವು. ಆ ನಗೆ ಮುಂದೆ ಎಲ್ಲಿಗೆ ಬಂದು ನಿಲ್ಲುವುದೆಂದು ಆಗ ನಮಗೆ ತಿಳಿಯಲಿಲ್ಲ.

ಕೂಲರಿನ ಬಗ್ಗೆ ನಾವೇ ಅವನಿಗೆ ಒಂದು ಕಥೆ ಹೇಳಿದೆವು. ಹಿಂದೆ ನಮ್ಮಲ್ಲಿ ಸಪ್ಲೈಯರ್ ಆಗಿದ್ದ ಗೆಳೆಯರೊಬ್ಬರು ಇಲ್ಲಿಯ ಕೂಲರಿನ ಸುಖಕ್ಕೆ ಮಾರುಹೋಗಿ, ಊರಿನಲ್ಲಿರುವ ತಾಯಿಗೂ ಆ ಸುಖ ಸಿಗಲೆಂದು ಕಬ್ಬಿಣದ ದೊಡ್ಡ ಕೂಲರೊಂದನ್ನು ಬಸ್ಸಿನ ತಲೆಯ ಮೇಲೆ ಹೇರಿಸಿ ಉಡುಪಿಗೆ ಒಯ್ದರು. ಒಂದು ವಾರದಲ್ಲಿ ಮನೆಯ ಹಪ್ಪಳವೆಲ್ಲ ಮೆತ್ತಗಾಯಿತು, ಉಪ್ಪು ನೀರಾಯಿತು, ಸೆಕೆ ಮಾತ್ರ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆ ತಾಯಿ ಕೂಲರನ್ನು ಕೊಟ್ಟಿಗೆಗೆ ಕಳುಹಿಸಿ, ಮತ್ತೆ ಅಡಿಕೆ ಹಾಳೆಯ ಬೀಸಣಿಗೆಯನ್ನು ಕೈಗೆ ತೆಗೆದುಕೊಂಡರು.

ಇದರ ಕಾರಣವನ್ನು ತರುಣನು ಹೋಟೆಲಿನ ಭಾಷೆಯಲ್ಲಿಯೇ ಬಿಡಿಸಿ ಹೇಳಿದ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಕೂಲರಿನ ಒದ್ದೆ ಹುಲ್ಲಿನಿಂದ ಒಂದು ಲೀಟರು ನೀರು ಆವಿಯಾಗಿ ಹೋಗುವಾಗ ಗಾಳಿಯಿಂದ ಕಸಿದುಕೊಳ್ಳುವ ಶಾಖದಲ್ಲಿ ಏಳು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಹೈದರಾಬಾದಿನ ಒಣಗಾಳಿ ನೀರನ್ನು ಆಸೆಯಿಂದ ಕುಡಿಯುತ್ತದೆ, ಆದುದರಿಂದ ತಂಪಾಗುತ್ತದೆ. ಕರಾವಳಿಯ ಗಾಳಿಯ ಹೊಟ್ಟೆ ಮೊದಲೇ ತುಂಬಿರುತ್ತದೆ. ಇನ್ನೊಂದು ಗುಟುಕಿಗೂ ಸ್ಥಳವಿಲ್ಲ. ಇಲ್ಲಿಯೂ ಕಿಟಕಿ ಮುಚ್ಚಿ ಕೂಲರು ಹಾಕುವವರ ಕೋಣೆ ಅರ್ಧ ತಾಸಿನಲ್ಲಿ ಉಡುಪಿಯೇ ಆಗುತ್ತದೆಂದು ಅವನು ಎಚ್ಚರಿಸಿದ.

ಇನ್ನು ಎ.ಸಿ. ಮಹಾರಾಯನ ಮಾತು. ಮೆಟ್ರೋ ರೈಲು 2017ರಲ್ಲಿ ಓಡಲಾರಂಭಿಸಿದ ಮೇಲೆ ನಮ್ಮ ಗುಮಾಸ್ತ ಮಿತ್ರರಲ್ಲಿ ಕೆಲವರು ಇಳಿಯಬೇಕಾದ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮುಂದೆ ಹೋಗಿ ಇಳಿಯುತ್ತಾರೆಂಬ ಅಪವಾದವಿದೆ. ನಾವು ನಂಬುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಪತ್ರಿಕೆಯವರಾದ ನಮಗೆ ಹೆಮ್ಮೆಯ ಸಂಗತಿಯೊಂದನ್ನು ತರುಣನಿಂದ ತಿಳಿದೆವು. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಈ ಯಂತ್ರವನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ. ಹವೆಯ ತೇವದಿಂದ ಕಾಗದವು ಹಿಗ್ಗಿ ಕುಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲವಂತೆ. ಕಾಗದದ ಕಷ್ಟವನ್ನು ನೋಡಲಾರದೆ ಹುಟ್ಟಿದ ಯಂತ್ರವಿದು.

ಒಂದೂವರೆ ಟನ್ ಎಂದರೆ ಯಂತ್ರದ ತೂಕವೆಂದೇ ನಾವು ಬಹಳ ಕಾಲ ತಿಳಿದಿದ್ದೆವು. ನಮ್ಮ ಹೋಟೆಲಿಗೆ ಮೊದಲ ಎ.ಸಿ. ಬಂದ ದಿನ ಅದನ್ನು ಇಳಿಸಲು ಎಂಟು ಮಂದಿ ಹಮಾಲಿಗಳನ್ನು ಕರೆಸಿದ್ದೆವು. ಇಬ್ಬರು ಹುಡುಗರು ಅದನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದರು. ಮಂಜುಗಡ್ಡೆಯಿಂದಲೇ ತಂಪು ಮಾಡುತ್ತಿದ್ದ ಕಾಲದ ಲೆಕ್ಕವಂತೆ ಅದು. ಸುಮಾರು ಒಂಬೈನೂರು ಕಿಲೋ ಮಂಜುಗಡ್ಡೆಯು ಒಂದು ದಿನದಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅಷ್ಟನ್ನು ಕೋಣೆಯಿಂದ ತೆಗೆಯಬಲ್ಲ ಯಂತ್ರಕ್ಕೆ ಒಂದು ಟನ್ ಎಂದು ಹೆಸರು.

“ಸರಿ ಮಾರಾಯಾ, ತೆಗೆದ ಶಾಖವನ್ನು ಅದು ಏನು ಮಾಡುತ್ತದೆ?” ಎಂದು ನಾವು ಕೇಳಿದೆವು.

“ಏನು ಮಾಡುತ್ತದೆ ಸಾರ್? ಹಿತ್ತಲಿಗೆ ಎಸೆಯುತ್ತದೆ. ತಂಪು ಎಂಬುದನ್ನು ಯಾರೂ ತಯಾರಿಸುವುದಿಲ್ಲ. ಇಲ್ಲಿಯ ಸೆಕೆಯನ್ನು ಅಲ್ಲಿಗೆ ಸಾಗಿಸುತ್ತಾರೆ, ಅಷ್ಟೆ. ಸಾಗಿಸುವ ಕೂಲಿಯಾಗಿ ಸುಟ್ಟ ಕರೆಂಟಿನ ಶಾಖವೂ ಅದರ ಜೊತೆಗೇ ಹೋಗುತ್ತದೆ.” ಅವನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಒಂದೂವರೆ ಟನ್ನಿನ ಎ.ಸಿ. ಪೂರ್ಣವಾಗಿ ದುಡಿಯುವಾಗ ಅದರ ಹೊರಗಿನ ಪೆಟ್ಟಿಗೆಯಿಂದ ಹೊರಬೀಳುವ ಶಾಖವು, ನೀರು ಕಾಯಿಸುವ ಒಂದು ಕಿಲೋವಾಟಿನ ಹೀಟರುಗಳನ್ನು ಆರರಷ್ಟು ಒಟ್ಟಿಗೆ ಹಾಕಿದುದಕ್ಕೂ ಮಿಗಿಲು.

ಈ ಲೆಕ್ಕವನ್ನು ನೋಡಿ ನಾವು ಕೆಲವು ಕಾಲ ಮಾತನಾಡಲಿಲ್ಲ. ನಮ್ಮ ಹೋಟೆಲಿನ ನಕ್ಷೆ ಕಣ್ಣ ಮುಂದೆ ಬಂದಿತು. ಮುಂದೆ ಎ.ಸಿ. ವಿಭಾಗ, ಹಿಂದೆ ಅಡಿಗೆಮನೆ, ನಡುವೆ ಇಕ್ಕಟ್ಟಾದ ಒಂದು ಓಣಿ. ಎ.ಸಿ.ಯ ಹೊರಪೆಟ್ಟಿಗೆ ರಸ್ತೆಯ ಕಡೆಗೆ ಕಂಡರೆ ಬೋರ್ಡಿನ ಅಂದ ಕೆಡುವುದೆಂದು ನಾವೇ ಮುಂದೆ ನಿಂತು ಅದನ್ನು ಆ ಓಣಿಯ ಗೋಡೆಗೆ ಹಾಕಿಸಿದ್ದೆವು. ಅಡಿಗೆಮನೆಗಿದ್ದ ಒಂದೇ ಕಿಟಕಿ ಅದರ ಎದುರಿಗೇ ಇತ್ತು. “ಧಣಿಗಳೇ, ಕಿಟಕಿಯಿಂದ ಬೆಂಕಿ ಬಂದ ಹಾಗೆ ಆಗುತ್ತದೆ,” ಎಂದು ನಮ್ಮ ಅಡಿಗೆಯವರು ಎರಡು ಸಲ ಹೇಳಿದರು. “ಹೈದರಾಬಾದಿನ ಬಿಸಿಲಲ್ಲವೇ?” ಎಂದು ನಾವು ಎರಡು ಸಲವೂ ಉತ್ತರ ಕೊಟ್ಟೆವು. ಮೂರನೆಯ ಬೇಸಗೆಯಲ್ಲಿ ಅವರು ಮೈಗಾಗುವುದಿಲ್ಲವೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಈಗಿನ ಕಾಲದಲ್ಲಿ ನಿಷ್ಠೆಯಿಂದ ದುಡಿಯುವ ಕೆಲಸಗಾರರೇ ಸಿಗುವುದಿಲ್ಲವೆಂದು ನಾವು ಹಲವು ಗೆಳೆಯರ ಮುಂದೆ ದೂರಿಕೊಂಡೆವು. ಅವರನ್ನು ಓಡಿಸಿದ್ದು ನಮ್ಮ ಒಂದೂವರೆ ಟನ್ನಿನ ತಂಪೆಂಬುದು ಇಷ್ಟು ವರ್ಷಗಳ ಮೇಲೆ, ಹೋಟೆಲನ್ನು ಬಿಟ್ಟು ಪತ್ರಿಕೆಗೆ ಬಂದ ಮೇಲೆ, ಒಬ್ಬ ಹುಡುಗನ ಬಾಯಿಂದ ತಿಳಿಯಬೇಕಾಯಿತು.

ತರುಣನಿಗೆ ಇದನ್ನು ಹೇಳಿದೆವು. ಅವನು ನಗಲಿಲ್ಲ. ತನ್ನ ನೆಕ್ ಫ್ಯಾನನ್ನು ಒಂದು ದಿನ ತಂದೆಯ ಕೊರಳಿಗೆ ಹಾಕಿದ ಸಂಗತಿಯನ್ನು ತಿಳಿಸಿದ. ಐದು ನಿಮಿಷಕ್ಕೆ ತಂದೆ ಅದನ್ನು ತೆಗೆದುಕೊಟ್ಟರಂತೆ: “ಇದು ಒಲೆಯ ಬಿಸಿಯನ್ನೇ ಕಿವಿಗೆ ಊದುತ್ತದೆ ಮಗಾ.” ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ. ಸುತ್ತಲಿನ ಗಾಳಿಯೇ 40 ಡಿಗ್ರಿಯನ್ನು ಮೀರಿದರೆ ಫ್ಯಾನಿನಿಂದ ಮೈ ಇನ್ನಷ್ಟು ಕಾಯುವುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಸಿದೆ.

ಮರುವಾರ ತರುಣನು ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಹೊಸದೊಂದು ಯಂತ್ರವನ್ನು ಕೊಂಡು ಬಂದ. ಅದಕ್ಕೆ ಬ್ಯಾಟರಿಯಿಲ್ಲ, ಪರದೆಯಿಲ್ಲ, ಗೆಳೆಯರ ಮುಂದೆ ಮೆರೆಸಲು ಬರುವುದೂ ಇಲ್ಲ. ಗೋಡೆಗೆ ತೂಗುಹಾಕುವ ಸಾಮಾನ್ಯ ಉಷ್ಣಮಾಪಕ. ಅದನ್ನು ತಂದೆಯ ಕಾವಲಿಯಿಂದ ನಾಲ್ಕು ಮಾರು ದೂರದ ಮೊಳೆಗೆ ಸಿಕ್ಕಿಸಿ, ಮಧ್ಯಾಹ್ನ ಒಂದು ಗಂಟೆಗೆ ಫೋನಿನಲ್ಲಿ ಚಿತ್ರ ತೆಗೆದು ನಮಗೆ ತಂದು ತೋರಿಸಿದ. 47 ಡಿಗ್ರಿ. “ಫೋನಿಗೆ 35ರ ಮಿತಿಯಿದೆ ಸಾರ್. ಅಪ್ಪನಿಗೆ ಯಾವ ಕಂಪೆನಿಯೂ ಚೀಟಿ ಕಟ್ಟಿ ಕಳುಹಿಸಿಲ್ಲ,” ಎಂದ. ಹಿಂದಿನ ವಾರದ ನಗೆ ಬಂದು ನಿಂತದ್ದು ಇಲ್ಲಿ.

ಹೋಟೆಲಿನ ಒಲೆಯ ಮುಂದೆ ಮಾತ್ರವೇ ಈ ಸಾಗಣೆ ನಡೆಯುತ್ತಿರುವುದಲ್ಲ. ಮನೆಯಲ್ಲಿ ಕುಳಿತು ಫೋನನ್ನು ಒತ್ತಿ ಐಸ್‌ಕ್ರೀಮು ತರಿಸುವವರ ಪಾಲಿನ ಬಿಸಿಲನ್ನು ಅದೇ ವಯಸ್ಸಿನ ಇನ್ನೊಬ್ಬ ಹುಡುಗನು ಮೋಟಾರು ಸೈಕಲ್ಲಿನ ಮೇಲೆ ಹೊರುತ್ತಾನೆ. 2025ರ ಏಪ್ರಿಲಿನಲ್ಲಿ ತೆಲಂಗಾಣ ಸರಕಾರವು ಬಿಸಿಲಿನ ಹೊಡೆತವನ್ನು ರಾಜ್ಯದ ವಿಶೇಷ ವಿಪತ್ತೆಂದು ಘೋಷಿಸಿ, ಅದರಿಂದ ಮೃತರಾದವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿತು. ಪರಿಹಾರವು ಬರುವುದು ಹೋದ ಮೇಲೆ. ಹೋಗದಂತೆ ನೋಡಿಕೊಳ್ಳುವ ಕೆಲಸ ನಮ್ಮ ಕೈಯಲ್ಲಿದೆ.

ಅದಕ್ಕೆ ಬೇಕಾದ ಉಪಾಯಗಳು ದುಬಾರಿಯೂ ಅಲ್ಲ, ಹೊಸವೂ ಅಲ್ಲ. ಒಲೆಯ ನೆತ್ತಿಯ ಮೇಲೆ ಬಿಸಿಗಾಳಿಯನ್ನು ಹೊರಗೆಳೆಯುವ ಫ್ಯಾನು ಇರಬೇಕು. ಅದರೊಡನೆ ಹೊಸಗಾಳಿ ಒಳಬರಲು ಎದುರು ದಿಕ್ಕಿನಲ್ಲಿ ಕಿಂಡಿಯೂ ಇರಬೇಕು. ಎ.ಸಿ.ಯ ಬೆನ್ನು ಅಡಿಗೆಮನೆಯ ಕಿಟಕಿಯ ಕಡೆಗೆ ತಿರುಗಿರಬಾರದು. ಉಪ್ಪು ಹಾಕಿದ ನೀರುಮಜ್ಜಿಗೆಯ ಪಾತ್ರೆ ಗಿರಾಕಿಗಳಿಗೆ ಮಾತ್ರವಲ್ಲದೆ ಒಲೆಯ ಬಳಿಯಲ್ಲಿಯೂ ಇರಬೇಕು. ನಡುಹಗಲಿನಲ್ಲಿ ಒಬ್ಬನೇ ಕಾವಲಿಯ ಮುಂದೆ ನಿಲ್ಲದಂತೆ ಸರದಿ ಬದಲಾಗಬೇಕು. ಊರಿನಿಂದ ಹೊಸದಾಗಿ ಬಂದ ಹುಡುಗನ ಮೈ ಈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಬಂದ ದಿನವೇ ಅವನನ್ನು ಭಟ್ಟಿಯ ಮುಂದೆ ನಿಲ್ಲಿಸಬಾರದು. ಯಾರಾದರೂ ತಡವರಿಸಿ ಮಾತನಾಡತೊಡಗಿದರೆ, ಮೈ ಸುಡುತ್ತ ತಲೆ ತಿರುಗಿ ಕುಸಿದರೆ, ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಎ.ಸಿ.ಯಲ್ಲಿ ಕುಳಿತುಕೊಳ್ಳುವ ಮಿತ್ರರಿಗೂ ಒಂದು ಮಾತು. 2020ರಿಂದ ಹೊಸ ಎ.ಸಿ.ಗಳು 24 ಡಿಗ್ರಿಗೆ ಗೊತ್ತುಮಾಡಲ್ಪಟ್ಟು ಬರಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಸುಮಾರು ಆರು ಪಾಲು ವಿದ್ಯುತ್ತು ಉಳಿಯುವುದೆಂದು ಅದಕ್ಕೆ ಸಂಬಂಧಪಟ್ಟ ಸರಕಾರಿ ಸಂಸ್ಥೆಯೇ ಹೇಳುತ್ತದೆ. ಹದಿನಾರಕ್ಕೆ ಇಳಿಸಿ ಕರವಸ್ತ್ರವನ್ನು ತಲೆಗೆ ಸುತ್ತಿಕೊಂಡು ದೋಸೆ ತಿನ್ನುವುದರಲ್ಲಿ ಏನು ಸುಖವಿದೆಯೋ ನಾವರಿಯೆವು.

ಮೊನ್ನೆ ತರುಣನು ಬಂದಾಗ ಉಷ್ಣಮಾಪಕದ ಗತಿ ಏನಾಯಿತೆಂದು ವಿಚಾರಿಸಿದೆವು. ತಂದೆ ಅದನ್ನು ತೆಗೆದಿಡಲು ಹೇಳಿದ್ದರಂತೆ; ಅಂಕೆ ಕಂಡರೆ ಸೆಕೆ ಇಮ್ಮಡಿಯಾಗುತ್ತದೆಂದು ಅವರ ದೂರು. ಅಷ್ಟರಲ್ಲಿ ಸುದ್ದಿ ಗಲ್ಲಾಪೆಟ್ಟಿಗೆಯವರೆಗೆ ಮುಟ್ಟಿ, ಆ ಹೋಟೆಲಿನ ಯಜಮಾನರು, ಎಷ್ಟೋ ಬೇಸಗೆಗಳ ತರುವಾಯ ಮೊದಲ ಸಲ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅಡಿಗೆಮನೆಯೊಳಕ್ಕೆ ಬಂದರಂತೆ. ಕನ್ನಡಕವನ್ನು ಒರೆಸಿಕೊಂಡು ಅಂಕೆಯನ್ನು ಓದಿದರು. ಕನ್ನಡಕ ಮತ್ತೆ ಮಂಜಾಯಿತು. ಮತ್ತೆ ಒರೆಸಿಕೊಂಡು ಓದಿದರು. ಏನೂ ಮಾತನಾಡದೆ ಹೊರಗೆ ಹೋಗಿ, ಗೋಡೆ ಕೊರೆಯುವವನಿಗೆ ಫೋನು ಮಾಡಿದರು.