ಹಾಡುವ ಕೊರಳು, ನೋಯುವ ಕೀಲು: ವಿದ್ವತ್ತಿನ ಋಣ

ಹೊರದೇಶದ ವಿಶ್ವವಿದ್ಯಾನಿಲಯಗಳಲ್ಲಿ ಕಳೆದ ಕೆಲವು ದಶಕಗಳಿಂದ ಎರಡು ವ್ಯಾಸಂಗಗಳು ಒಂದರ ಪರಿಚಯ ಇನ್ನೊಂದಕ್ಕಿಲ್ಲದೆ ಬೆಳೆದುಬಂದಿವೆ. ಒಂದು, ‘ಹಿಪ್ ಹಾಪ್’ ಎಂದು ಹೆಸರಾದ ಬೀದಿಯ ಹಾಡು ಕುಣಿತಗಳ ವಿಚಾರ. ಇನ್ನೊಂದು, ಇಂಗ್ಲಿಷಿನಲ್ಲಿ ‘ಹಿಪ್’ ಎಂದೇ ಕರೆಯಲ್ಪಡುವ ಸೊಂಟದ ಕೀಲಿನ ಆರೋಗ್ಯದ ವಿಚಾರ. ಹೆಸರಿನ ಹೋಲಿಕೆ ಕೇವಲ ಆಕಸ್ಮಿಕ. ಆದರೆ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಏಳುವ ಪ್ರಶ್ನೆ ಆಕಸ್ಮಿಕವಾದುದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಾದ ನಮಗೆ ಅದು ತೀರ ಹತ್ತಿರದ ಪ್ರಶ್ನೆ. ಬಡವನ ಹಾಡನ್ನೂ ಬಡವನ ಮೂಳೆಯನ್ನೂ ವಸ್ತುವಾಗಿ ತೆಗೆದುಕೊಂಡು ಬೆಳೆಯುವ ವಿದ್ವತ್ತು, ಆ ಬಡವನಿಗೆ ಹಿಂದಿರುಗಿ ಕೊಡುವುದೇನು?

ಮೊದಲು ಹಾಡಿನ ಮಾತು. 1973ನೆಯ ಇಸವಿ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ವಿಭಾಗದಲ್ಲಿ, ಸೆಡ್ಜ್‌ವಿಕ್ ರಸ್ತೆಯ 1520ನೆಯ ನಂಬರಿನ ವಠಾರದಲ್ಲಿ, ಜಮೈಕಾದಿಂದ ಬಂದ ಕುಟುಂಬದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಯುವಕನು ತನ್ನ ತಂಗಿ ಏರ್ಪಡಿಸಿದ್ದ ಸಂತೋಷಕೂಟದಲ್ಲಿ ಗ್ರಾಮೋಫೋನ್ ತಟ್ಟೆಗಳನ್ನು ನುಡಿಸಿದನು. ಹಾಡಿನ ನಡುವೆ ಬರಿಯ ತಾಳವಾದ್ಯ ಕೇಳಿಬರುವ ಭಾಗವನ್ನು ಎರಡು ತಟ್ಟೆಗಳ ಸಹಾಯದಿಂದ ಮತ್ತೆ ಮತ್ತೆ ನುಡಿಸಿ ಕುಣಿಯುವವರಿಗೆ ಅವಕಾಶ ಮಾಡಿಕೊಟ್ಟುದೇ ಆತನ ಹೊಸತನ. ಹಿಪ್ ಹಾಪ್ ಸಂಸ್ಕೃತಿಯ ಜನ್ಮದಿನವೆಂದು ಲೋಕವು ಎಣಿಸುವುದು ಆ ದಿನವನ್ನೇ. ಕೆಲಸವಿಲ್ಲದ, ಮನೆಗಳು ಸುಟ್ಟು ಬಿದ್ದಿದ್ದ ಒಂದು ಕೇರಿಯ ಕಪ್ಪು ಜನರ ಹಾಗೂ ಸ್ಪ್ಯಾನಿಷ್ ಮಾತಾಡುವ ಜನರ ಮಕ್ಕಳು ಕಟ್ಟಿದ ಕಲೆ ಅದು. 1994ರಲ್ಲಿ ಟ್ರಿಶಿಯಾ ರೋಸ್ ಎಂಬ ವಿದುಷಿ ಅದನ್ನು ಕುರಿತು ಗಂಭೀರವಾದ ಗ್ರಂಥವೊಂದನ್ನು ಬರೆದರು. 2002ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅದಕ್ಕೆಂದೇ ದಾಖಲೆಗಳ ಭಂಡಾರ ಏರ್ಪಟ್ಟಿತು. ನಮ್ಮ ದೇಶವೂ ಈ ವ್ಯಾಸಂಗಕ್ಕೆ ಹೊರತಾಗಲಿಲ್ಲ. ದಿಲ್ಲಿಯ ಬಡ ಬಡಾವಣೆಗಳ ಹುಡುಗರು ಈ ಹಾಡು ಕುಣಿತಗಳನ್ನು ತಮ್ಮದನ್ನಾಗಿ ಮಾಡಿಕೊಂಡ ಬಗೆಯನ್ನು ಕುರಿತು ಗೇಬ್ರಿಯಲ್ ದತ್ತಾತ್ರೇಯನ್ ಎಂಬವರ ಗ್ರಂಥ 2020ರಲ್ಲಿ ಅಮೆರಿಕೆಯಲ್ಲಿ ಅಚ್ಚಾಯಿತು. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರಿಂದ ಕನ್ನಡದ ಮಾತೂ ಈ ಧಾಟಿಗೆ ಒಗ್ಗಿದೆ. ಇದನ್ನು ಕೇಳಿ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಆದರೆ ತಾಳಕ್ಕೆ ಸರಿಯಾಗಿ ಮಾತನ್ನು ಜೋಡಿಸುತ್ತ, ಎದುರಾಳಿಗೆ ಸವಾಲು ಹಾಕುತ್ತ ಹಾಡುವುದು ನಮ್ಮ ಹಳ್ಳಿಗಳಿಗೆ ಹೊಸದೇನೂ ಅಲ್ಲ.

ಇನ್ನು ಕೀಲಿನ ಮಾತು. ಈ ಹಿಪ್ ಹಾಪ್‌ಗೆ ಸೇರಿದ ‘ಬ್ರೇಕಿಂಗ್’ ಎಂಬ ನೃತ್ಯದಲ್ಲಿ ನರ್ತಕನು ನೆಲದ ಮೇಲೆ ಬುಗುರಿಯಂತೆ ತಿರುಗುತ್ತಾನೆ. 2024ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಅದಕ್ಕೂ ಸ್ಥಾನ ದೊರೆಯಿತು. ಜರ್ಮನಿಯ ವೈದ್ಯರು 144 ಮಂದಿ ಬ್ರೇಕ್ ನರ್ತಕರನ್ನು ವಿಚಾರಿಸಿ, ಮಣಿಕಟ್ಟು, ಮಂಡಿ, ಭುಜ, ಬೆನ್ನುಗಳಲ್ಲಿ ಯಾವುದಕ್ಕೆ ಎಷ್ಟು ಪೆಟ್ಟು ಬೀಳುವುದೆಂಬ ಲೆಕ್ಕವನ್ನು 2009ರಲ್ಲಿ ಪ್ರಕಟಿಸಿದರು. ಇದಕ್ಕೆ ಕೆಲವು ವರ್ಷ ಮುಂಚೆ, 2003ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರೈನ್‌ಹೋಲ್ಡ್ ಗಾಂಜ್ ಎಂಬ ಶಸ್ತ್ರವೈದ್ಯರೂ ಅವರ ಸಹೋದ್ಯೋಗಿಗಳೂ ಒಂದು ಮುಖ್ಯ ವಿಷಯವನ್ನು ಸ್ಪಷ್ಟಪಡಿಸಿದ್ದರು: ತೊಡೆಯೆಲುಬಿನ ಕುತ್ತಿಗೆಯಲ್ಲಿ ಮೂಳೆ ಸ್ವಲ್ಪ ಉಬ್ಬಿದ್ದರೂ, ಕಾಲನ್ನು ಆಳವಾಗಿ ಮಡಿಸಿದಾಗಲೆಲ್ಲ ಅದು ಕೀಲಿನ ಗುಳಿಯ ಅಂಚಿಗೆ ಉಜ್ಜಿ, ಕಾಲಕ್ರಮದಲ್ಲಿ ಕೀಲು ಸವೆಯುವುದು. ಎಂದರೆ ಕುಣಿಯುವವನ ಕಲೆಯನ್ನೂ ಅವನ ದೇಹವನ್ನೂ ವಿದ್ವತ್ತು ಒಟ್ಟಿಗೆ ನೋಡಬಲ್ಲದು. ಅಂತಹ ದೃಷ್ಟಿ ನಮ್ಮಲ್ಲಿಯೂ ಬರಬೇಕೆಂಬುದೇ ನಮ್ಮ ಮಾತಿನ ಸಾರಾಂಶ.

ಆದರೆ ನೋಡಿದ ಮಾತ್ರಕ್ಕೆ ಸಾಲದೆಂಬುದಕ್ಕೆ ನಿದರ್ಶನವು ನಮ್ಮ ರಾಜ್ಯದಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ ಹಂದಿಗೋಡು ಎಂಬ ಗ್ರಾಮ. 1974-75ರ ಸುಮಾರಿನಲ್ಲಿ ಅಲ್ಲಿಯ ಕೂಲಿಕಾರರಲ್ಲಿ ವಿಚಿತ್ರವಾದ ವ್ಯಾಧಿಯೊಂದು ವೈದ್ಯರ ಗಮನಕ್ಕೆ ಬಂದಿತು. ಸೊಂಟದ ಕೀಲಿನಲ್ಲಿ ನೋವು ಮೊದಲಾಗಿ, ನಡಿಗೆ ವಾಲಿ, ಮುಂದೆ ಮಂಡಿಗೂ ನೋವು ಹಬ್ಬಿ, ದುಡಿಯುವ ಮನುಷ್ಯನು ಕೋಲೂರುವ ಸ್ಥಿತಿಗೆ ಬರುತ್ತಿದ್ದನು. ಕೆಲವರಿಗೆ ಬೆಳವಣಿಗೆಯೇ ಕುಂಠಿತವಾಗುತ್ತಿತ್ತು. ಹೆಚ್ಚಾಗಿ ನರಳಿದವರು ಚನ್ನಂಗಿ ಮತ್ತು ಚಲವಾದಿ ಸಮಾಜಗಳಿಗೆ ಸೇರಿದ ಬಡ ಕುಟುಂಬದವರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ವಿಜ್ಞಾನಿಗಳು ಬಂದು ಪರೀಕ್ಷಿಸಿ 1977ರಲ್ಲಿ ವರದಿ ಪ್ರಕಟಿಸಿದರು. ಕೀಟನಾಶಕ ಹೊಡೆದ ಗದ್ದೆಯ ಏಡಿಗಳನ್ನು ತಿಂದುದೇ ಕಾರಣವೋ ಎಂಬ ಅನುಮಾನ ಮೊದಲು ಹುಟ್ಟಿತು. ಮುಂದೆ ಕ್ಷ-ಕಿರಣ ಚಿತ್ರಗಳನ್ನೂ ವಂಶಾವಳಿಗಳನ್ನೂ ಪರಿಶೀಲಿಸಿದ ತಜ್ಞರು ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ದೋಷವೆಂದೂ, ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧವೆಂದೂ ನಿರ್ಣಯಿಸಿದರು. 1997ರಲ್ಲಿ ಇದನ್ನು ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬ ಸೀಮೆಯ ಕೀಲುರೋಗದೊಡನೆ ಹೋಲಿಸಿ ನೋಡಿದ ಲೇಖನವೂ ಪ್ರಕಟವಾಯಿತು.

ಈ ವಿಜ್ಞಾನಿಗಳ ಪರಿಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಕಾರಣವನ್ನು ತಿಳಿಯದೆ ಪರಿಹಾರವನ್ನು ಹುಡುಕಲಾಗದು. ಆದರೆ ಹಂದಿಗೋಡು ಎಂಬ ಹೆಸರು ವೈದ್ಯಗ್ರಂಥಗಳಲ್ಲಿ ಶಾಶ್ವತವಾಗಿ ನಿಂತಿತು. ರೋಗಕ್ಕೆ ತನ್ನ ಊರಿನ ಹೆಸರನ್ನೇ ಇಟ್ಟದ್ದನ್ನು ಆ ಊರಿನ ಮಗು ಹೊತ್ತುಕೊಂಡೇ ಬೆಳೆಯಬೇಕಾಯಿತು. ಹೊಸ ಅಂಟುರೋಗಗಳಿಗೆ ಊರಿನ ಹೆಸರನ್ನಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಲಹೆಮಾಡಿತು. ಅಂಟದ ರೋಗಕ್ಕೂ ಆ ಸೌಜನ್ಯ ಸಲ್ಲಬೇಕಲ್ಲವೆ? ರಕ್ತ ಕೊಟ್ಟವರಿಗೆ, ವಂಶಾವಳಿ ಹೇಳಿದವರಿಗೆ, ಕ್ಷ-ಕಿರಣದ ಮುಂದೆ ಮಲಗಿದವರಿಗೆ ‘ನಿಮ್ಮಲ್ಲಿ ನಾವು ಕಂಡುದು ಇದು, ನಿಮ್ಮ ಮಕ್ಕಳ ವಿಷಯದಲ್ಲಿ ನೀವು ತಿಳಿದಿರಬೇಕಾದುದು ಇದು’ ಎಂದು ಅವರ ಮಾತಿನಲ್ಲಿ ಹೇಳಿ, ನೋವಿನ ಶಮನಕ್ಕೂ ಜೀವನಕ್ಕೂ ದಾರಿ ತೋರಿಸುವವರೆಗೆ ಸಂಶೋಧನೆ ಮುಗಿಯಿತೆಂದು ಹೇಳಲಾಗದು. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಗಾದೆ. ಕೆಸರು ಒಬ್ಬನ ಕೈಗೆ, ಮೊಸರು ಇನ್ನೊಬ್ಬನ ಬಾಯಿಗೆ ಎಂದಾದರೆ ಅದು ವಿದ್ವತ್ತಿಗೆ ಶೋಭೆಯಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ಜನಪದ ಕಲೆಗಳ ವ್ಯಾಸಂಗದಲ್ಲಿ ಮಂಡ್ಯ ಜಿಲ್ಲೆಯು ಕನ್ನಡ ನಾಡಿಗೆ ಇಬ್ಬರು ಅಗ್ರಗಣ್ಯರನ್ನು ಕೊಟ್ಟಿದೆ; ಇಬ್ಬರೂ ನಾಗಮಂಗಲ ತಾಲ್ಲೂಕಿನವರು. ಜೀ. ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದಕ್ಕೆ ಶಾಸ್ತ್ರದ ಪದವಿಯನ್ನು ದೊರಕಿಸಿದರು. ಎಚ್. ಎಲ್. ನಾಗೇಗೌಡರು ಉನ್ನತ ಅಧಿಕಾರಿಗಳಾಗಿದ್ದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, ತರುವಾಯ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಅಧಿಕಾರಿಯಾದವನು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಅವರೇ ಸಾಕ್ಷಿ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಪೀಠ. ತಂಬೂರಿ, ಡಕ್ಕಿ, ತಾಳಗಳೊಡನೆ ಇರುಳೆಲ್ಲ ಆ ಕಥೆಯನ್ನು ಹಾಡುವ ನೀಲಗಾರರ ಬಾಯಿಂದ ಕೇಳಿ ವಿದ್ವಾಂಸರು ದೊಡ್ಡ ಸಂಪುಟಗಳನ್ನೇ ಅಚ್ಚುಹಾಕಿಸಿದ್ದಾರೆ. ಹಾಡು ಉಳಿಯಿತು; ಸಂತೋಷ. ಹಾಡಿದವನ ಮುಪ್ಪು ಹೇಗೆ ಕಳೆಯಿತೆಂದು ಕೇಳಿದವರೆಷ್ಟು ಮಂದಿ?

ಪೂಜಾ ಕುಣಿತವನ್ನು ನೋಡಿದವರು, ದೇವರ ಮುಖವಾಡವನ್ನೂ ಸೀರೆಗಳನ್ನೂ ಕಟ್ಟಿದ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು, ಕೈ ಹಿಡಿಯದೆ, ತಮಟೆಯ ಗತ್ತಿಗೆ ಹೆಜ್ಜೆಹಾಕುವ ಕಲಾವಿದನಿಗೆ ಚಪ್ಪಾಳೆ ತಟ್ಟಿಯೇ ಇರುತ್ತಾರೆ. ಆ ಭಾರ ಎಲ್ಲಿಗೆ ಇಳಿಯುವುದು? ಸುಮ್ಮನೆ ನಡೆಯುವಾಗಲೂ ಮನುಷ್ಯನ ಸೊಂಟದ ಕೀಲಿನ ಮೇಲೆ ಅವನ ತೂಕದ ಸುಮಾರು ಎರಡೂವರೆಯಷ್ಟು ಒತ್ತಡ ಬೀಳುವುದೆಂದು ಶಾಸ್ತ್ರಜ್ಞರು ಅಳೆದಿದ್ದಾರೆ. ಒಂಟಿಕಾಲ ಮೇಲೆ ನಿಂತ ದೇಹವು ಒಂದು ಕಡೆಗೆ ವಾಲದಂತೆ ಪಕ್ಕದ ಸ್ನಾಯುಗಳು ಬಲವಾಗಿ ಜಗ್ಗುವುದೇ ಅದಕ್ಕೆ ಕಾರಣ. ಅರವತ್ತು ಕಿಲೋ ತೂಕದವನಿಗೆ ಹೆಜ್ಜೆ ಹೆಜ್ಜೆಗೂ ನೂರೈವತ್ತು ಕಿಲೋ; ತಲೆಯ ಮೇಲಿನ ಹೊರೆಯೂ ಅದೇ ರೀತಿ ಹಲವುಪಟ್ಟಾಗಿ ಕೀಲಿಗೆ ತಾಗುವುದು. ಕುಣಿಯುವವನಿಗೆ ಮಾತ್ರ ಇದು ಸಲ್ಲುವುದೆಂದಲ್ಲ. ಮಂಡ್ಯದ ಬಯಲಿನಲ್ಲಿ ಕಬ್ಬಿನ ಹೊರೆಯನ್ನು ಗಾಡಿಗೆ ಹೇರುವವನು, ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಗೊನೆಗಳನ್ನು ಲಾರಿಗೆ ತುಂಬುವವನು, ಆ ಗೊನೆಗಳಿಗಾಗಿ ಮರ ಹತ್ತುವವನು—ಇವರೆಲ್ಲರ ಅನ್ನವೂ ಆ ಒಂದು ಗುಳಿ, ಆ ಒಂದು ಗುಂಡುಮೂಳೆಯ ಮೇಲೆ ನಿಂತಿದೆ.

ತಿಳಿದಿರುವ ಜ್ಞಾನವಾದರೂ ಹಳ್ಳಿಯ ಬಾಗಿಲಿಗೆ ತಲುಪಬೇಕು. ಎರಡೇ ಉದಾಹರಣೆ ಸಾಕು. ಹಸುಗೂಸಿನ ಸೊಂಟದ ಕೀಲು ಮೆತುವಾಗಿರುವುದು. ಕಾಲುಗಳನ್ನು ನೆಟ್ಟಗೆ ಜೋಡಿಸಿ ಬಿಗಿಯಾಗಿ ಸುತ್ತಿದರೆ ಕೀಲು ಜಾರುವ ಅಪಾಯವುಂಟು. ಜಪಾನಿನಲ್ಲಿ 1970ರ ದಶಕದಲ್ಲಿ ಈ ಬಗ್ಗೆ ತಾಯಂದಿರಿಗೆ ತಿಳಿವಳಿಕೆ ಕೊಟ್ಟದ್ದರಿಂದ ಈ ತೊಂದರೆ ಬಹಳಮಟ್ಟಿಗೆ ತಗ್ಗಿತು. ನಮ್ಮ ತಾಯಂದಿರು ಕೂಸನ್ನು ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವ ಪದ್ಧತಿಯನ್ನು ಇಂದಿನ ಮೂಳೆಶಾಸ್ತ್ರವು ಮೆಚ್ಚುತ್ತದೆ. ಪಟ್ಟಣದ ಸೊಗಸಿಗೆ ಮರುಳಾಗಿ ಅದನ್ನು ಬಿಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ಎರಡನೆಯದು, ಭಾರತದಲ್ಲಿ ಪ್ರಾಯದಲ್ಲಿಯೇ ಸೊಂಟದ ಕೀಲನ್ನು ಬದಲಿಸಿಕೊಳ್ಳಬೇಕಾಗಿ ಬರುವುದಕ್ಕೆ ಒಂದು ಪ್ರಮುಖ ಕಾರಣ, ತೊಡೆಯೆಲುಬಿನ ತಲೆಗೆ ರಕ್ತ ಸಂಚಾರ ನಿಂತು ಮೂಳೆ ಸತ್ತು ಕುಸಿಯುವುದು. ಅತಿಯಾದ ಮದ್ಯಪಾನವೂ, ಹತೋಟಿಯಿಲ್ಲದ ಸ್ಟೀರಾಯ್ಡ್ ಔಷಧವೂ ಇದಕ್ಕೆ ದಾರಿಮಾಡುವುವು. 2021ರಲ್ಲಿ ಕೋವಿಡ್ ಚಿಕಿತ್ಸೆಗೆ ಸ್ಟೀರಾಯ್ಡ್ ಪಡೆದವರಲ್ಲಿ ಕೆಲವರಿಗೆ ಹೀಗಾದುದನ್ನು ಮುಂಬಯಿಯ ವೈದ್ಯರು ವರದಿಮಾಡಿದರು. ಮೈಕೈ ನೋವೆಂದು ಸಿಕ್ಕಿದವರಿಂದ ಸೂಜಿ ಚುಚ್ಚಿಸಿಕೊಳ್ಳುವ ಕೂಲಿಕಾರನಿಗೆ ಇದನ್ನು ಹೇಳುವವರು ಯಾರು? ತೊಡೆಸಂದಿನಲ್ಲಿ ವಾರಗಟ್ಟಲೆ ಬಿಡದ ನೋವಿದ್ದರೆ ತಡಮಾಡದೆ ಮೂಳೆವೈದ್ಯರನ್ನು ಕಾಣಬೇಕು; ಮೂಳೆ ಕುಸಿಯುವುದಕ್ಕೆ ಮುಂಚೆ ತಿಳಿದರೆ ಕೀಲನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಆಸ್ಪತ್ರೆಗಳಲ್ಲಿ ಜ್ವರಕ್ಕೆ ಹಾಸಿಗೆ ಸಾಲದಿರುವಾಗ ಕುಣಿಯುವವರ ಕೀಲಿನ ಮಾತೇಕೆ ಎಂದು ಕೆಲವು ಅಧಿಕಾರಿಗಳು ಕೇಳಬಹುದು. ನಾವು ಹೊಸ ಕಟ್ಟಡವನ್ನು ಬೇಡುತ್ತಿಲ್ಲ. ಮಂಡ್ಯದಲ್ಲಿ 2006ರಿಂದ ಸರ್ಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ; ನೆರೆಯ ಮೈಸೂರಿನಲ್ಲಿ ಜಾನಪದದ ಪ್ರಾಧ್ಯಾಪಕರಿದ್ದಾರೆ. ಇವರು ವರ್ಷಕ್ಕೊಮ್ಮೆ ಒಂದು ಜಾತ್ರೆಯ ಬಯಲಿನಲ್ಲಿ ಕೂಡಿ, ಪೂಜಾ ಕುಣಿತದವರನ್ನೂ ನೀಲಗಾರರನ್ನೂ ಹೊರೆಯಾಳುಗಳನ್ನೂ ಪರೀಕ್ಷಿಸಿ, ಕಂಡುದನ್ನು ಕನ್ನಡದಲ್ಲಿ ಬರೆದು ಅವರ ಕೈಗೇ ಕೊಡಲಿ. ಯಾವ ವಿದ್ವಾಂಸನೇ ಆಗಲಿ, ಹಾಡನ್ನೋ ರಕ್ತವನ್ನೋ ಪಡೆದ ಊರಿನ ಪಂಚಾಯಿತಿಗೆ ತನ್ನ ಪ್ರಬಂಧದ ಸಾರಾಂಶವನ್ನು ತಿಳಿಗನ್ನಡದಲ್ಲಿ ಒಪ್ಪಿಸದೆ ಪದವಿ ಪಡೆಯಕೂಡದೆಂದು ವಿಶ್ವವಿದ್ಯಾನಿಲಯಗಳು ನಿಯಮ ಮಾಡಲಿ. ಪರೀಕ್ಷೆಗೊಳಗಾದವರ ಹೆಸರು ವಿಳಾಸಗಳು ಭದ್ರವಾಗಿಯೂ ಗೋಪ್ಯವಾಗಿಯೂ ಉಳಿಯಲಿ. ಇದು ಅತಿಯಾದ ಎಚ್ಚರಿಕೆಯಲ್ಲ. ವಿದೇಶೀ ಕಂಪೆನಿಯೊಂದು 2010ರಲ್ಲಿ ದೋಷವುಳ್ಳದ್ದೆಂದು ಹಿಂದಕ್ಕೆ ಪಡೆದ ಕೃತಕ ಸೊಂಟದ ಕೀಲನ್ನು ಭಾರತದಲ್ಲಿ ಸುಮಾರು 4,700 ಬಾರಿ ಜೋಡಿಸಲಾಗಿತ್ತು. ಪರಿಹಾರದ ಮಾತು ಬಂದಾಗ ಅವರಲ್ಲಿ ಬಹುಮಂದಿಯ ಪತ್ತೆಯೇ ಇರಲಿಲ್ಲ.

ಬ್ರಾಂಕ್ಸಿನ ಹುಡುಗನ ತಾಳವು ಇಂದು ಹಾರ್ವರ್ಡಿನ ಭಂಡಾರದಲ್ಲಿದೆ. ನೀಲಗಾರನ ಕಥೆ ನಮ್ಮ ಗ್ರಂಥಾಲಯದಲ್ಲಿದೆ. ಹಂದಿಗೋಡಿನ ಕೂಲಿಕಾರನ ಮೂಳೆಯ ಚಿತ್ರ ವೈದ್ಯಪತ್ರಿಕೆಯಲ್ಲಿದೆ. ಇವೆಲ್ಲವೂ ಪಡೆದ ಸಾಲ. ಸಾಲ ಪಡೆದವನು ಬಡ್ಡಿ ಕೊಡದಿದ್ದರೂ ಅಸಲನ್ನಾದರೂ ತೀರಿಸುವುದು ನಮ್ಮ ರೈತನು ಅರಿತ ಧರ್ಮ. ಓದಿದವರೂ ಅಧಿಕಾರದಲ್ಲಿರುವವರೂ ಅದನ್ನು ಅವನಿಂದ ಕಲಿತು, ಬರುವ ಸುಗ್ಗಿಯ ಜಾತ್ರೆಗಳಲ್ಲಿಯೇ ಕೆಲಸಕ್ಕೆ ತೊಡಗಬೇಕೆಂದು ನಾವು ಆಗ್ರಹಪಡಿಸುತ್ತೇವೆ.