ಹಣ ಕಡಿತವಾಯಿತು, ರಸೀದಿ ಬರಲಿಲ್ಲ: ಶುಲ್ಕ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಹೆಬ್ಬೆ ಕಡೆಯ ಹಳ್ಳಿ, ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಯುಪಿಐನಲ್ಲಿ ಪರೀಕ್ಷಾ ಶುಲ್ಕ ಕಟ್ಟುವಾಗ ಹಣ ಕಡಿತವಾಗಿ ರಸೀದಿ ಬರದಿದ್ದರೆ ಏನು ಮಾಡಬೇಕು?

ಉತ್ತರ: ಗಾಬರಿಯಾಗಬೇಡಿ, ತಕ್ಷಣ ಎರಡನೇ ಸಲ ಕಟ್ಟಲೂ ಹೋಗಬೇಡಿ. ನಿಮ್ಮ ಬ್ಯಾಂಕಿಗೂ ವಿಶ್ವವಿದ್ಯಾಲಯಕ್ಕೂ ನಡುವೆ ಪೇಮೆಂಟ್ ಗೇಟ್‌ವೇ ಇರುತ್ತದೆ. ಬ್ಯಾಂಕು ಹಣ ಕೊಟ್ಟರೂ ಆ ಸುದ್ದಿ ವಿಶ್ವವಿದ್ಯಾಲಯದ ತಂತ್ರಾಂಶಕ್ಕೆ ಮುಟ್ಟದೆ ಹೋದರೆ ನಿಮ್ಮ ಖಾತೆಯಲ್ಲಿ ಕಡಿತ, ಅಲ್ಲಿ ಮಾತ್ರ ‘ಬಾಕಿ’. ಇಂಥ ಹಣ ಐದು ದಿನದೊಳಗೆ ತಾನಾಗಿಯೇ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಯುಪಿಐನ 12 ಅಂಕಿಯ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ; ದೂರು ನಿಲ್ಲುವುದು ಅದರ ಮೇಲೆಯೇ.

ನಿಮ್ಮ ಕಡೆಯ ಕಾಲೇಜುಗಳು ಸೇರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ತರೀಕೆರೆ, ಕಡೂರು ಸೇರಿದಂತೆ ಚಿಕ್ಕಮಗಳೂರು ಜಿಲ್ಲೆಯೂ ಬರುತ್ತದೆ. ಹಿಂದೆ ಬ್ಯಾಂಕಿನಲ್ಲಿ ಸರದಿ ನಿಂತು ಚಲನ್ ತುಂಬಬೇಕಿತ್ತು. ಈಗ ರಾಜ್ಯದ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶ. ಪ್ರವೇಶ, ಶುಲ್ಕ, ಫಲಿತಾಂಶ ಎಲ್ಲ ಅದರಲ್ಲೇ. ಮಲೆನಾಡಿನ ಹುಡುಗಿಯೊಬ್ಬಳಿಗೆ ಒಂದು ದಿನದ ಬಸ್ ಪ್ರಯಾಣ ಉಳಿಯುವುದು ಸಣ್ಣ ಲಾಭವಲ್ಲ. ಆದರೆ ಕೊನೆಯ ದಿನಾಂಕದಂದು ಸಿಗ್ನಲ್ ಹೋದರೆ ದಂಡ ತೆರುವವಳೂ ಅವಳೇ, ಇದು ನ್ಯಾಯವಲ್ಲ.

ಇಂಟರ್‌ನೆಟ್ಟನ್ನೇ ನಂಬದ ದಾರಿಗಳೂ ಇವೆ. ಕೆನ್ಯಾದಲ್ಲಿ 2007ರಲ್ಲಿ ಬಂದ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆಯಿಂದ ಇಂಟರ್‌ನೆಟ್ ಇಲ್ಲದ ಸಾದಾ ಫೋನಿನಲ್ಲೂ ಕಾಲೇಜು ಶುಲ್ಕ ಕಟ್ಟಬಹುದು. ನಮ್ಮಲ್ಲೂ ಸಾದಾ ಫೋನಿಗೆಂದು 2022ರಲ್ಲಿ ಯುಪಿಐ 123ಪೇ ಬಂದಿದೆ. ವಿಶ್ವವಿದ್ಯಾಲಯಗಳು ಶುಲ್ಕಕ್ಕೆ ಇಂಥ ದಾರಿಯನ್ನೂ ತೆರೆದಿಡಬೇಕು. ನೀವು ಮಾತ್ರ ಕೊನೆಯ ದಿನದವರೆಗೆ ಕಾಯದೆ, ವಾರ ಮೊದಲೇ ಕಟ್ಟಿಬಿಡಿ.