ಅಂಗಳದ ಉಸುಕು, ಬೆಕ್ಕಿನ ಹೊಲಸು, ಮಕ್ಕಳ ಆರೋಗ್ಯ

ಇತ್ತೀಚೆಗೆ ರಾಣೆಬೆನ್ನೂರಿನ ತಾಯಿಯೊಬ್ಬರು ಆರು ವರ್ಷದ ಮಗನನ್ನು ಹಾವೇರಿಯ ನನ್ನ ದವಾಖಾನೆಗೆ ಕರೆತಂದಿದ್ದರು. ಹುಡುಗನ ಅಂಗಾಲಿನಲ್ಲಿ ಕೆಂಪಗೆ, ದಾರದಂತೆ ಉಬ್ಬಿದ ಸೊಟ್ಟ ಗೆರೆ. ರಾತ್ರಿಯಿಡೀ ತುರಿಕೆ. "ಗಜಕರ್ಣ ಇರಬೇಕಂತ ಮುಲಾಮು ಹಚ್ಚಿದ್ವಿರಿ ಸಾಹೇಬ್ರ, ಗೆರಿ ಮಾತ್ರ ದಿನಾ ಮುಂದ ಮುಂದ ಹೊಂಟೈತಿ" ಎಂದರು.

ರೋಗದ ಗುಟ್ಟು ಆ ಮಾತಿನಲ್ಲೇ ಇತ್ತು. ಗಜಕರ್ಣ ದುಂಡಗೆ ಹರಡುತ್ತದೆ, ಗೆರೆಯಾಗಿ ಮುಂದೆ ಸಾಗುವುದಿಲ್ಲ. ಹಾಗೆ ಸಾಗುವುದು ಹುಳು. "ಮನಿ ಮುಂದ ಉಸುಕು ಹಾಕ್ಸೀರೇನವ್ವ?" ಎಂದು ಕೇಳಿದೆ. ಹೌದು, ಮಾಳಿಗೆ ಕಟ್ಟಿಸಲು ಎರಡು ತಿಂಗಳ ಹಿಂದೆಯೇ ಉಸುಕು ತರಿಸಿದ್ದರು. ಹಗಲು ಹುಡುಗ ಅದರ ಮೇಲೆ ಬರಿಗಾಲಲ್ಲಿ ಆಡುತ್ತಿದ್ದ. ರಾತ್ರಿ ಓಣಿಯ ಬೆಕ್ಕುಗಳಿಗೆ ಅದೇ ಪಾಯಿಖಾನೆ.

ಬೆಕ್ಕು ತನ್ನ ಹೊಲಸನ್ನು ಮುಚ್ಚುವ ಪ್ರಾಣಿ. ಕೆರೆದು ಮುಚ್ಚಲು ಅದಕ್ಕೆ ಒಣ, ಸಡಿಲ ಮಣ್ಣು ಬೇಕು. ಹಿಂದೆ ಅಂಗಳವನ್ನು ಬಡಿದು ಗಟ್ಟಿ ಮಾಡಿ ಸಗಣಿಯಿಂದ ಸಾರಿಸುತ್ತಿದ್ದೆವು. ಅಲ್ಲಿ ಬೆಕ್ಕಿನ ಉಗುರಿಗೆ ಕೆಲಸವಿರಲಿಲ್ಲ. ಈಗ ಮನೆ ಮುಂದೆ ಉಸುಕಿನ ರಾಶಿ, ಹಿತ್ತಲಲ್ಲಿ ಹೂವಿನ ಮಡಿ. ಹೊಲಸು ಕಣ್ಣಿಗೆ ಕಾಣದ್ದರಿಂದ ನಾವೂ ಎಚ್ಚರ ವಹಿಸುವುದಿಲ್ಲ.

ಬರುವ ರೋಗಗಳು

ಆ ಹುಡುಗನಿಗಿದ್ದದ್ದು ಬೆಕ್ಕು, ನಾಯಿಗಳ ಕೊಕ್ಕೆಹುಳುವಿನ ಮರಿ. ಮೊಟ್ಟೆ ಹೊಲಸಿನೊಡನೆ ಮಣ್ಣಿಗೆ ಬಿದ್ದು ಮರಿಯಾಗಿ, ಬರಿಗಾಲಿನ ಚರ್ಮದೊಳಕ್ಕೆ ನುಗ್ಗುತ್ತದೆ. ಮನುಷ್ಯನ ದೇಹದಲ್ಲಿ ಅದು ಬೆಳೆಯಲಾರದು. ದಾರಿ ತಪ್ಪಿದಂತೆ ಚರ್ಮದಡಿಯೇ ಅಲೆಯುತ್ತದೆ. ವೈದ್ಯರು ಕೊಡುವ ಮಾತ್ರೆಯಿಂದ ಬೇಗ ಗುಣವಾಗುತ್ತದೆ. ಮುಲಾಮು ಬದಲಿಸುತ್ತ ಕೂರಬೇಡಿ.

ಎರಡನೆಯದು ಬೆಕ್ಕಿನ ದುಂಡುಹುಳು. ಇದರ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆ, ಮಣ್ಣು ತಿನ್ನುವ ಅಥವಾ ಕೈ ತೊಳೆಯದೆ ಉಣ್ಣುವ ಮಗುವಿನ ಹೊಟ್ಟೆ ಸೇರುತ್ತದೆ. ಮರಿಹುಳು ಯಕೃತ್ತಿಗೆ, ಶ್ವಾಸಕೋಶಕ್ಕೆ ಹೋಗಬಹುದು. ಅಪರೂಪಕ್ಕೆ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸುತ್ತದೆ.

ಮೂರನೆಯದು ಟಾಕ್ಸೊಪ್ಲಾಸ್ಮಾ. ಈ ಸೂಕ್ಷ್ಮಜೀವಿ ಪತ್ತೆಯಾದದ್ದು 1908ರಲ್ಲಿ. ಬಹುಪಾಲು ಜನರಿಗೆ ಇದು ಬಂದದ್ದೂ ತಿಳಿಯುವುದಿಲ್ಲ. ಆದರೆ ಬಸುರಿಗೆ ಮೊದಲ ಸಲ ತಗುಲಿದರೆ ಗರ್ಭಪಾತವಾಗಬಹುದು, ಕೂಸಿನ ಮೆದುಳು, ಕಣ್ಣಿಗೆ ಹಾನಿಯಾಗಬಹುದು. ಹಾಗೆಂದು ಗಾಬರಿ ಬೇಡ. ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ಇದು ಬರುವುದು ಅಪರೂಪ. ಸೋಂಕು ತಗುಲಿದ ಬೆಕ್ಕಿನ ಹೊಲಸು ಮಣ್ಣಿನ ಮೂಲಕ ಬಾಯಿಗೆ ಹೋಗುವುದರಿಂದ ಅಥವಾ ಸರಿಯಾಗಿ ಬೇಯದ ಮಾಂಸದಿಂದ ಬರುತ್ತದೆ. ರಕ್ತ ಪರೀಕ್ಷೆಯಲ್ಲಿ ಹಳೆಯ ಸೋಂಕಿನ ಗುರುತು ಮಾತ್ರ ಕಂಡರೆ, ಆರೋಗ್ಯವಂತ ಬಸುರಿ ಸಾಮಾನ್ಯವಾಗಿ ಹೆದರಬೇಕಿಲ್ಲ. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಹೊಲಸು ತೆಗೆಯುವ, ಮಡಿ ಕೆದರುವ ಕೆಲಸವನ್ನು ಬೇರೆಯವರು ಮಾಡಲಿ. ಹಸಿ ತರಕಾರಿಯನ್ನು ಚೆನ್ನಾಗಿ ತೊಳೆದೇ ತಿನ್ನಲಿ.

ಏನು ಮಾಡಬೇಕು?

ಉಸುಕಿನ ರಾಶಿಗೆ ಸಂಜೆಯೇ ತಾಡಪತ್ರೆ ಹೊದಿಸಿ ಅಂಚಿಗೆ ಕಲ್ಲು ಹೇರಿ. ಹೂವಿನ ಮಡಿಯ ಮೇಲೆ ತಂತಿಯ ಜಾಲರಿ ಹಾಸಿ, ಇಲ್ಲವೇ ದಪ್ಪ ಜಲ್ಲಿಕಲ್ಲು ಹರಡಿ. ಗಿಡ ನಡುವೆ ಬೆಳೆಯುತ್ತದೆ, ಬೆಕ್ಕಿಗೆ ಕೆರೆಯಲು ಬರುವುದಿಲ್ಲ. ಉಳಿದ ಅನ್ನ, ಮೀನಿನ ಮುಳ್ಳನ್ನು ಹೊರಗೆ ಚೆಲ್ಲಬೇಡಿ. ಊಟ ಸಿಗುವ ಮನೆಯನ್ನು ಬೆಕ್ಕು ಬಿಡುವುದಿಲ್ಲ.

ಹೊಲಸು ಕಂಡರೆ ಅಂದಂದೇ ತೆಗೆಯಿರಿ. ಟಾಕ್ಸೊಪ್ಲಾಸ್ಮಾ ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ದಿನಾ ಸ್ವಚ್ಛ ಮಾಡಿದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಸುತ್ತಲಿನ ಮಣ್ಣು ಸಮೇತ ಎತ್ತಿ, ಮಕ್ಕಳು ಸುಳಿಯದ ಕಡೆ ಆಳವಾಗಿ ಹೂಳಿ. ಸಿಮೆಂಟ್ ನೆಲವಾದರೆ ಕುದಿಯುವ ನೀರು ಸುರಿಯಿರಿ. ಫಿನಾಯಿಲ್ ವಾಸನೆ ಮರೆಸುತ್ತದೆಯೇ ಹೊರತು ಹುಳುವಿನ ಮೊಟ್ಟೆ ಅದಕ್ಕೆ ಜಗ್ಗುವುದಿಲ್ಲ.

ಬ್ಯಾಡಗಿಯಲ್ಲಿ, ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಗಿಸುವವರಿಗೆ ಒಂದು ಮಾತು. ಬರಿ ನೆಲದ ಮೇಲೆ ಹರವಬೇಡಿ. ಕೆಳಗೆ ಸ್ವಚ್ಛ ತಾಡಪತ್ರೆ ಇರಲಿ, ರಾತ್ರಿ ಮೇಲೂ ಹೊದಿಕೆ ಇರಲಿ.

ಏನು ಮಾಡಬಾರದು?

"ನಮ್ಮೂರಾಗ ಖಾರಪುಡಿಗೇನ್ ಬರ್ರೀ, ಉಸುಕಿಗೆ ಉಗ್ಗಿದ್ರಾತು" ಎಂದವರಿದ್ದಾರೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ, ನಿಜ. ಆದರೆ ಉಸುಕಿನಲ್ಲಿ ಆಡಿದ ಮಗು ಕಣ್ಣುಜ್ಜಿಕೊಂಡರೆ ಆ ಕಡಿಮೆಯೂ ಹೆಚ್ಚೇ. ಡಾಂಬರು ಗುಳಿಗೆಯನ್ನೂ ಹಾಕಬೇಡಿ. ಮಗು ಪೆಪ್ಪರಮಿಂಟೆಂದು ನುಂಗಿದರೆ ರಕ್ತಕಣಗಳೇ ಒಡೆಯಬಹುದು.

ವಿಷ ಇಡುವುದಂತೂ ಬೇಡವೇ ಬೇಡ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅದು ಅಪರಾಧ. ಅಲ್ಲದೆ ಒಂದು ಬೆಕ್ಕು ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ನಡುವೆ ಇಲಿಗಳು ಹೆಚ್ಚುತ್ತವೆ. ಓಣಿಯವರೆಲ್ಲ ಕೂಡಿ ಪಶುವೈದ್ಯರನ್ನು ಕಂಡು, ಮರಿ ಹಾಕದಂತೆ ಶಸ್ತ್ರಚಿಕಿತ್ಸೆ ಮಾಡಿಸುವುದೇ ನಿಲ್ಲುವ ಉಪಾಯ.

ಕಚ್ಚಿದರೆ, ಪರಚಿದರೆ

ಬೆಕ್ಕನ್ನು ಬೆನ್ನಟ್ಟಿ ಮೂಲೆಗೆ ತಳ್ಳಬೇಡಿ, ಮಕ್ಕಳಿಗೂ ಹೇಳಿ. ಹುಚ್ಚು ನಾಯಿಯ ರೋಗವೆನ್ನುವ ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಖಾರಪುಡಿ, ಸುಣ್ಣ, ಅರಿಷಿಣ ಯಾವುದನ್ನೂ ಮೆತ್ತಬೇಡಿ. ಅದೇ ದಿನ ದವಾಖಾನೆಗೆ ಹೋಗಿ. ಹೊಟ್ಟೆಗೆ 14 ಸೂಜಿ ಎಂಬ ಹಳೆಯ ಅಂಜಿಕೆ ಬಿಡಿ, ಆ ಲಸಿಕೆಯ ಕಾಲ ಎಂದೋ ಮುಗಿದಿದೆ. ಈಗ ತೋಳಿಗೆ ನಾಲ್ಕೈದು ಸಲ ಸೂಜಿ ಅಷ್ಟೆ. ರಕ್ತ ಬಂದಿದ್ದರೆ ಗಾಯದ ಸುತ್ತ ಬೇರೊಂದು ಔಷಧವನ್ನೂ ಚುಚ್ಚಬೇಕಾಗುತ್ತದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ರೋಗಿಯನ್ನು ಉಳಿಸುವುದು ಹೆಚ್ಚು ಕಡಿಮೆ ಅಸಾಧ್ಯ.

ಆ ಹುಡುಗನ ಗೆರೆ ವಾರದೊಳಗೆ ಒಣಗಿತು. ತಾಯಿಗೆ ನಾನು ಬರೆದುಕೊಟ್ಟ ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ಇನ್ನೆರಡು ಔಷಧಗಳಿದ್ದವು: ಹುಡುಗನಿಗೆ ಒಂದು ಜೊತೆ ಚಪ್ಪಲಿ, ಉಸುಕಿಗೆ ಒಂದು ತಾಡಪತ್ರೆ.